ಅಲಂಕಾರಶಾಸ್ತ್ರ ಓದಬೇಕು, ಪುಸ್ತಕ ಎಲ್ಲಿ ಹುಡುಕಲಿ?

ಪ್ರಶ್ನೆ: ನನ್ನ ಮನೆ ನಂಜನಗೂಡಿನಲ್ಲಿ, ಕೆಲಸ ತಿ. ನರಸೀಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ. ಒಂಬತ್ತು, ಹತ್ತನೇ ತರಗತಿಗೆ ಕನ್ನಡ ಪಾಠ ಮಾಡುತ್ತೇನೆ. ಉಪಮೆ, ರೂಪಕದ ಲಕ್ಷಣ ಹೇಳಿ, ಒಂದೊಂದು ಉದಾಹರಣೆ ಬರೆಸಿ ಮುಗಿಸುವುದು ನನಗೇ ಸಾಲದಾಗಿದೆ. ಮಕ್ಕಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುವ ಹೊಣೆಯೂ ನನ್ನದೇ. ಹಾಗಾಗಿ ಅಲಂಕಾರಶಾಸ್ತ್ರವನ್ನು ಮೊದಲಿನಿಂದ ಓದಬೇಕೆಂದಿದ್ದೇನೆ. ಹತ್ತಿರದಲ್ಲಿ ಯಾವ ಗ್ರಂಥಾಲಯಕ್ಕೆ ಹೋಗಲಿ? ಆನ್‌ಲೈನ್‌ನಲ್ಲಿ ಹುಡುಕಿದರೆ ರಾಶಿ ಬೀಳುತ್ತದೆ, ತಲೆಬುಡ ತಿಳಿಯುವುದಿಲ್ಲ. ಸಂಸ್ಕೃತ ಬಾರದವರು ಇದಕ್ಕೆ ಕೈ ಹಾಕಬಹುದೆ?

ಉತ್ತರ: ಪಾಠ ಮಾಡುವವರೇ ತಮ್ಮ ಪಾಠ ತಮಗೆ ಸಾಲದು ಎಂದು ಬರೆದಾಗ ಉತ್ತರ ಕೊಡುವವರಿಗೂ ಹುರುಪು ಬರುತ್ತದೆ. ನೀವು ಕೇಳಿರುವುದು ಮೂರು: ಪುಸ್ತಕ ಎಲ್ಲಿ, ಆನ್‌ಲೈನ್‌ನಲ್ಲಿ ಹುಡುಕುವುದು ಹೇಗೆ, ಸಂಸ್ಕೃತ ಬೇಕೇ ಬೇಕೆ. ಇವಕ್ಕೆ ಬರುವ ಮುಂಚೆ ಒಂದು ಗೊಂದಲ ಬಿಡಿಸಿಕೊಳ್ಳೋಣ. ನಿಮ್ಮ ಹುಡುಕಾಟ ದಾರಿ ತಪ್ಪುತ್ತಿರುವುದು ಅಲ್ಲಿಯೇ.

ತರಗತಿಯಲ್ಲಿ ಹೇಳಿಕೊಡುವ ಅಲಂಕಾರವನ್ನೂ ಚರ್ಚಾಸ್ಪರ್ಧೆಗೆ ಬೇಕಾದ ಮಾತುಗಾರಿಕೆಯನ್ನೂ ನೀವು ಒಂದೇ ಶಾಸ್ತ್ರದಲ್ಲಿ ಹುಡುಕುತ್ತಿದ್ದೀರಿ. ಹಾಗೆ ಅಂದುಕೊಳ್ಳುವುದು ಸಹಜ. ಎರಡೂ ಮಾತನ್ನು ಚೆನ್ನಾಗಿ ಆಡುವುದಕ್ಕೆ ಸಂಬಂಧಿಸಿದವೇ. ಆದರೆ ಅಲಂಕಾರಶಾಸ್ತ್ರ, ಅಂದರೆ ಕಾವ್ಯಮೀಮಾಂಸೆ, ಕೇಳುವ ಪ್ರಶ್ನೆ ಕಾವ್ಯ ನಮ್ಮ ಮನಸ್ಸನ್ನು ಏಕೆ ಹಿಡಿಯುತ್ತದೆ ಎಂಬುದು. ಗುಣ, ದೋಷ, ರೀತಿ, ರಸ, ಧ್ವನಿ, ವಕ್ರೋಕ್ತಿ ಇವೆಲ್ಲ ಆ ಪ್ರಶ್ನೆಗೆ ಬೇರೆ ಬೇರೆ ಕಾಲದವರು ಕೊಟ್ಟ ಉತ್ತರಗಳು. ಸಭೆಯಲ್ಲಿ ನಿಂತು ಕೇಳುವವರನ್ನು ಒಪ್ಪಿಸುವುದು ಹೇಗೆ ಎಂಬುದು ಬೇರೆ ವಿದ್ಯೆ. ಗ್ರೀಸಿನಲ್ಲೂ ಹೀಗೆಯೇ. ಅರಿಸ್ಟಾಟಲ್ ಕಾವ್ಯ ನಾಟಕಗಳ ವಿಚಾರಕ್ಕೆ ‘ಪೊಯೆಟಿಕ್ಸ್’ ಬರೆದ. ಮಾತಿನಿಂದ ಜನರನ್ನು ಒಪ್ಪಿಸುವ ವಿಚಾರಕ್ಕೆ ‘ರೆಟರಿಕ್’ ಎಂಬ ಬೇರೆ ಗ್ರಂಥವನ್ನೇ ಬರೆದ. ಆದ್ದರಿಂದ ಚರ್ಚಾಸ್ಪರ್ಧೆಗೆ ಬೇಕಾದದ್ದನ್ನು ‘ಅಲಂಕಾರ’ ಎಂದು ಟೈಪ್ ಮಾಡಿ ಹುಡುಕಿದರೆ ಸಿಗುವುದು ಕಷ್ಟ.

ಗ್ರಂಥಾಲಯದ ಕಪಾಟಿನಲ್ಲೂ ಈ ಭೇದ ಕಾಣುತ್ತದೆ. ಡ್ಯೂಯಿ ದಶಮಾಂಶ ಪದ್ಧತಿ ಅನುಸರಿಸುವ ಕಡೆ ಬರವಣಿಗೆ, ಭಾಷಣ ಕಲೆಯ ಪುಸ್ತಕಗಳಿಗೆ 808, ಸಂಸ್ಕೃತ ಸಾಹಿತ್ಯಕ್ಕೆ 891.2, ಕನ್ನಡ ಸಾಹಿತ್ಯಕ್ಕೆ 894.814. ನಿಮಗೆ ಬೇಕಾದ ಪುಸ್ತಕಗಳು ಈ ಮೂರೂ ಕಡೆ ಹಂಚಿಹೋಗಿರುತ್ತವೆ. ‘ಅಲಂಕಾರಶಾಸ್ತ್ರದ ಪುಸ್ತಕ ಇದೆಯೆ’ ಎಂದು ಕೇಳಿದರೆ ಸಿಬ್ಬಂದಿ ಇಲ್ಲ ಎಂದಾರು. ಪುಸ್ತಕದ ಹೆಸರು, ಬರೆದವರ ಹೆಸರು ಹೇಳಿ ಕೇಳಿದರೆ ಅದೇ ಸಿಬ್ಬಂದಿ ತಂದುಕೊಟ್ಟಾರು. ಅದಕ್ಕೇ ಮೊದಲು ಹೆಸರುಗಳನ್ನೇ ಹೇಳುತ್ತೇನೆ.

ಮೊದಲ ಪುಸ್ತಕ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’. 1953ರಲ್ಲಿ ಬಂತು. ಇಂದಿಗೂ ಎಂ.ಎ. ವಿದ್ಯಾರ್ಥಿಗಳು ಇದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಭರತ, ಭಾಮಹ, ದಂಡಿ, ವಾಮನ, ಆನಂದವರ್ಧನ, ಅಭಿನವಗುಪ್ತ, ಕುಂತಕ ಇವರೆಲ್ಲ ಏನು ಹೇಳಿದರು, ಒಬ್ಬರ ಮಾತನ್ನು ಇನ್ನೊಬ್ಬರು ಎಲ್ಲಿ ತಿದ್ದಿದರು ಎಂಬುದು ಇದರಲ್ಲಿ ಕನ್ನಡದಲ್ಲೇ, ಎಳೆ ತಪ್ಪದೆ ಸಿಗುತ್ತದೆ. ಬೇರೇನೂ ಓದದಿದ್ದರೂ ಇದೊಂದನ್ನು ಪೂರ್ತಿ ಓದಿ ಎಂಬುದು ನನ್ನ ಸಲಹೆ. ಅಲ್ಲಿಂದ ಹತ್ತು ಪುಟ, ಇಲ್ಲಿಂದ ಎರಡು ವಿಡಿಯೊ ಎಂದು ಕೂಡಿಸಿಕೊಂಡರೆ ವ್ಯಾಖ್ಯೆಗಳು ಬಾಯಿಗೆ ಬರುತ್ತವೆ. ಆದರೆ ಧ್ವನಿ ಎಂಬ ವಿಚಾರ ಯಾವ ಕೊರತೆ ತುಂಬಲು ಹುಟ್ಟಿತು ಎಂಬುದು ಗೊತ್ತಾಗುವುದಿಲ್ಲ.

ಎರಡನೆಯದು ‘ಕವಿರಾಜಮಾರ್ಗ’. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥವೇ ಒಂದು ಅಲಂಕಾರಗ್ರಂಥ, ಸುಮಾರು ಕ್ರಿ.ಶ. 850ರದು. ದಂಡಿಯ ‘ಕಾವ್ಯಾದರ್ಶ’ವನ್ನು ಆಧಾರವಾಗಿ ಇಟ್ಟುಕೊಂಡರೂ ಕನ್ನಡಕ್ಕೆ ಬೇಕಾದಂತೆ ಬಗ್ಗಿಸಿಕೊಂಡಿದೆ. ಮೂರು ಪರಿಚ್ಛೇದಗಳು: ದೋಷಗಳ ವಿಚಾರ, ಶಬ್ದಾಲಂಕಾರ, ಅರ್ಥಾಲಂಕಾರ. ಕೆ.ಬಿ. ಪಾಠಕರು ಇದನ್ನು 1898ರಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಬೇರೆ ಸಂಪಾದನೆಗಳೂ ಗದ್ಯಾನುವಾದಗಳೂ ಬಂದಿವೆ. ನಿಮಗೆ ಗದ್ಯಾನುವಾದ ಇರುವ ಪ್ರತಿಯೇ ಅನುಕೂಲ. ಹುಡುಕುವಾಗ ಒಂದು ಎಚ್ಚರ ಬೇಕು. ಹಳೆಯ ಕ್ಯಾಟಲಾಗುಗಳಲ್ಲಿ ಇದು ‘ನೃಪತುಂಗ’ ಎಂಬ ಹೆಸರಿನಡಿ ಇರುತ್ತದೆ, ಈಚಿನವುಗಳಲ್ಲಿ ‘ಶ್ರೀವಿಜಯ’ ಎಂಬ ಹೆಸರಿನಡಿ. ಗ್ರಂಥ ಹುಟ್ಟಿದ್ದು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಬರೆದವನು ಶ್ರೀವಿಜಯ ಎಂದು ಈಗ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ನಾಗವರ್ಮನ ವಿಷಯದಲ್ಲೂ ಹಾಗೆಯೇ: ‘ಛಂದೋಂಬುಧಿ’ ಮೊದಲನೆಯ ನಾಗವರ್ಮನದು, ‘ಕಾವ್ಯಾವಲೋಕನ’ ಎಂಬ ಅಲಂಕಾರಗ್ರಂಥ ಎರಡನೆಯವನದು.

ಕವಿರಾಜಮಾರ್ಗ ನಿಮ್ಮ ತರಗತಿಗೆ ಹೇಗೆ ಒದಗುತ್ತದೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಕನ್ನಡ ಪದವನ್ನೂ ಸಂಸ್ಕೃತ ಪದವನ್ನೂ ಹೊಂದಿಕೆಯಿಲ್ಲದೆ ಸೇರಿಸಿ ಸಮಾಸ ಮಾಡಬಾರದು ಎನ್ನುತ್ತ ಗ್ರಂಥಕಾರ, ಅದು ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬೆರೆಸಿದ ಹಾಗೆ ಎಂಬ ಅರ್ಥದ ಮಾತು ಹೇಳುತ್ತಾನೆ. ಮಕ್ಕಳ ಮುಂದೆ ಇದನ್ನು ಬಿಡಿಸಿ. ಹೊಂದದ ಸಮಾಸ ಉಪಮೇಯ, ಹಾಲಿಗೆ ಬಿದ್ದ ಮಜ್ಜಿಗೆ ಉಪಮಾನ, ‘ಹಾಗೆ’ ಎಂಬುದು ವಾಚಕ, ಕೆಡುವುದು ಸಮಾನಧರ್ಮ. ಇಷ್ಟು ಪಠ್ಯಪುಸ್ತಕದಲ್ಲೂ ಇದೆ. ಈಗ ಒಂದು ಪ್ರಶ್ನೆ ಕೇಳಿ: ಹಾಲು ‘ಕುದಿಯುವ’ ಹಾಲೇ ಏಕೆ ಆಗಬೇಕಿತ್ತು? ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವುದನ್ನು ನೋಡಿದ ಮಕ್ಕಳು ತಾವಾಗಿಯೇ ಹೇಳುತ್ತಾರೆ. ಉಗುರುಬೆಚ್ಚಗಿನ ಹಾಲಿಗೆ ಮಜ್ಜಿಗೆ ಬಿದ್ದರೆ ಒಳ್ಳೆಯ ಮೊಸರಾಗುತ್ತದೆ, ಕುದಿಯುವ ಹಾಲಿಗೆ ಬಿದ್ದರೆ ಒಡೆದುಹೋಗುತ್ತದೆ. ಬೆರೆಸುವುದೇ ತಪ್ಪಲ್ಲ, ಹದ ನೋಡದೆ ಬೆರೆಸುವುದು ತಪ್ಪು ಎಂಬ ಅರ್ಥ ಆ ಒಂದು ವಿಶೇಷಣದಿಂದ ಹೊಮ್ಮಬಹುದು. ಕವಿ ಹಾಗೆ ಉದ್ದೇಶಿಸಿದ್ದನೇ ಎಂದು ವಾದ ಮಾಡಲಿ. ಉಪಮಾನವನ್ನು ಆರಿಸುವುದರಲ್ಲಿ ಎಷ್ಟು ವಿವೇಕ ಬೇಕು ಎಂಬುದು ಆ ವಾದದಲ್ಲೇ ತಿಳಿಯುತ್ತದೆ.

ಈ ಶಾಸ್ತ್ರಕ್ಕೂ ನಿಮ್ಮ ಎರಡು ತಾಲ್ಲೂಕುಗಳಿಗೂ ಇರುವ ನಂಟು ನಿಮಗೆ ಗೊತ್ತಿದ್ದರೆ ಓದುವ ಆಸೆ ಹೆಚ್ಚೀತು. ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯ ತನಕ ಎಂದು ಹೇಳುತ್ತದೆ. ಕಬಿನಿ ಕಾವೇರಿಯನ್ನು ಸೇರುವ ತಿರುಮಕೂಡಲಿನಲ್ಲಿ ನಿಂತರೆ ನೀವು ಆ ಎಲ್ಲೆಯ ಮೇಲೆಯೇ ನಿಂತಂತೆ. ಆ ಗ್ರಂಥ ಹಿಂದಿನ ಕನ್ನಡ ಗದ್ಯಕಾರರನ್ನು ಹೆಸರಿಸುವಾಗ ದುರ್ವಿನೀತನನ್ನೂ ಹೇಳುತ್ತದೆ. ಈತನನ್ನು ಗಂಗರ ದೊರೆ ದುರ್ವಿನೀತ ಎಂದು ವಿದ್ವಾಂಸರು ಗುರುತಿಸುತ್ತಾರೆ. ಗಂಗರ ರಾಜಧಾನಿ ತಲಕಾಡು ತಿ. ನರಸೀಪುರ ತಾಲ್ಲೂಕಿನಲ್ಲಿದೆ. ಭಾರವಿಯ ‘ಕಿರಾತಾರ್ಜುನೀಯ’ದ ಹದಿನೈದನೇ ಸರ್ಗಕ್ಕೆ ದುರ್ವಿನೀತ ಟೀಕೆ ಬರೆದನೆಂದು ಶಾಸನ ಹೇಳುತ್ತದೆ. ಆ ಸರ್ಗ ಪೂರ್ತಿ ಚಿತ್ರಕಾವ್ಯ, ಶಬ್ದಾಲಂಕಾರಗಳ ಕಸರತ್ತು. ದೊರೆಯೊಬ್ಬ ಆರಿಸಿಕೊಂಡದ್ದು ಅತ್ಯಂತ ಕಠಿಣವಾದ ಸರ್ಗವನ್ನೇ.

ನಂಜನಗೂಡಿನ ಕಡೆಯದು ಇನ್ನೂ ಹತ್ತಿರದ ಕಾಲದ್ದು. ನಿಮ್ಮ ತಾಲ್ಲೂಕಿನ ಕಳಲೆ ಮನೆತನದ ನಂಜರಾಜ 18ನೇ ಶತಮಾನದ ನಡುವೆ ಮೈಸೂರಿನ ಆಡಳಿತವನ್ನೇ ಕೈಯಲ್ಲಿ ಹಿಡಿದಿದ್ದವನು, ಸ್ವತಃ ಗ್ರಂಥಕರ್ತ. ಅವನ ಆಶ್ರಯದಲ್ಲಿದ್ದ ನೃಸಿಂಹಕವಿ ಸಂಸ್ಕೃತದಲ್ಲಿ ‘ನಂಜರಾಜಯಶೋಭೂಷಣ’ ಎಂಬ ಅಲಂಕಾರಗ್ರಂಥ ಬರೆದ. ಕಾಕತೀಯ ಪ್ರತಾಪರುದ್ರನನ್ನು ಹೊಗಳುತ್ತ ವಿದ್ಯಾನಾಥ ಬರೆದ ‘ಪ್ರತಾಪರುದ್ರೀಯ’ ಇದಕ್ಕೆ ಮಾದರಿ. ಪ್ರತಿ ಅಲಂಕಾರಕ್ಕೂ ಕೊಡುವ ಉದಾಹರಣೆ ನಂಜರಾಜನ ಹೊಗಳಿಕೆಯೇ. ನಾಟಕದ ಲಕ್ಷಣ ಹೇಳುವಾಗ ‘ಚಂದ್ರಕಲಾಕಲ್ಯಾಣ’ ಎಂಬ ಇಡೀ ನಾಟಕವನ್ನೇ ಉದಾಹರಣೆಯಾಗಿ ಸೇರಿಸಿದ್ದಾನೆ. ಇದು 1930ರಲ್ಲಿ ಬರೋಡಾದ ಗಾಯಕವಾಡ್ ಓರಿಯೆಂಟಲ್ ಸೀರೀಸ್‌ನ 47ನೇ ಸಂಪುಟವಾಗಿ ಅಚ್ಚಾಯಿತು. ಇದೇ ದಾರಿಯನ್ನು ಕನ್ನಡದಲ್ಲಿ ಹಿಡಿದದ್ದು ಚಿಕ್ಕದೇವರಾಜ ಒಡೆಯರ ಮಂತ್ರಿ ತಿರುಮಲಾರ್ಯ. ಅವನ ‘ಅಪ್ರತಿಮವೀರಚರಿತ’ದಲ್ಲಿ ಉದಾಹರಣೆಗಳೆಲ್ಲ ಚಿಕ್ಕದೇವರಾಜರ ಮೇಲಿನವು. ದೊರೆಯ ಹೊಗಳಿಕೆ ನಮಗೆ ಈಗ ರುಚಿಸದೆ ಇರಬಹುದು. ಆದರೂ ಒಬ್ಬನೇ ವ್ಯಕ್ತಿಯನ್ನು ಹತ್ತಾರು ಅಲಂಕಾರಗಳಲ್ಲಿ ವರ್ಣಿಸಿರುವುದರಿಂದ ಒಂದು ಅಲಂಕಾರಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಇಂಥ ಗ್ರಂಥಗಳಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಪಾಠ ಮಾಡುವವರಿಗೆ ಅದು ದೊಡ್ಡ ಅನುಕೂಲ.

ಈಗ ಗ್ರಂಥಾಲಯಗಳು. ಮನೆ ಹತ್ತಿರದಿಂದಲೇ ಶುರು ಮಾಡಿ. ನಿಮ್ಮ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಸದಸ್ಯತ್ವ ಮಾಡಿಸಿ. ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೂ ಸೇರಿರುತ್ತದೆ, ಹಾಗಾಗಿ ಬೇಕಾದ ಪುಸ್ತಕದ ಹೆಸರು ಬರೆದು ತರಿಸಿಕೊಡಿ ಎಂದು ಕೇಳಲು ಸಂಕೋಚ ಬೇಡ. ಶಾಲೆ ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವನ್ನೂ ನೋಡಿ, ಅಲ್ಲಿ ಕಂಪ್ಯೂಟರ್ ಇದ್ದರೆ ಮುಂದೆ ಹೇಳುವ ಜಾಲತಾಣಗಳಿಗೆ ಉಪಯೋಗವಾಗುತ್ತದೆ. ಇವೆರಡಕ್ಕಿಂತ ಹೆಚ್ಚಿನ ಭರವಸೆ ನಿಮ್ಮ ಊರುಗಳ ಪದವಿ ಕಾಲೇಜುಗಳ ಮೇಲಿಡಬಹುದು. ಐಚ್ಛಿಕ ಕನ್ನಡ ಇರುವ ಕಡೆ ಕಾವ್ಯಮೀಮಾಂಸೆ ಪಠ್ಯವಾಗಿರುತ್ತದೆ, ಪುಸ್ತಕವೂ ಇರುತ್ತದೆ. ಮುಖ್ಯೋಪಾಧ್ಯಾಯರಿಂದ ಒಂದು ಪತ್ರ ಬರೆಸಿಕೊಂಡು ಹೋಗಿ ಕನ್ನಡ ವಿಭಾಗದವರನ್ನು ಕೇಳಿ. ಅಲ್ಲಿ ಪುಸ್ತಕದ ಜೊತೆಗೆ ಅದನ್ನು ಓದಿರುವ ಒಬ್ಬರೂ ಸಿಗುತ್ತಾರೆ.

ಆಮೇಲೆ ಮೈಸೂರು. ಮಾನಸಗಂಗೋತ್ರಿಯಲ್ಲಿ ವಿಶ್ವವಿದ್ಯಾನಿಲಯದ ಗ್ರಂಥಾಲಯ, 1966ರಲ್ಲಿ ಆರಂಭವಾದ ಕನ್ನಡ ಅಧ್ಯಯನ ಸಂಸ್ಥೆ, 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನ ಎಲ್ಲವೂ ಒಂದೇ ಆವರಣದಲ್ಲಿ, ಅಕ್ಕಪಕ್ಕದಲ್ಲಿವೆ. ಅದೇ ಪತ್ರ ಮತ್ತು ಗುರುತಿನ ಚೀಟಿ ಇಟ್ಟುಕೊಂಡು, ಕೂತು ಓದಲು ಅನುಮತಿ ಕೇಳಿ. ರಜೆಯ ದಿನ ಹೋಗಿ ಬಾಗಿಲು ಹಾಕಿದ್ದರೆ ಬೇಸರವಾಗುತ್ತದೆ, ಫೋನ್ ಮಾಡಿ ವೇಳೆ ತಿಳಿದುಕೊಂಡೇ ಹೊರಡಿ. ಬೇಕಾದ ಪುಸ್ತಕಗಳ ಪಟ್ಟಿಯನ್ನು ಲೇಖಕ, ಸಂಪಾದಕ, ಪ್ರಕಟವಾದ ವರ್ಷ ಸಹಿತ ಮನೆಯಲ್ಲೇ ಬರೆದುಕೊಂಡಿದ್ದರೆ ಅರ್ಧ ದಿನ ಉಳಿಯುತ್ತದೆ.

ಆ ಪಟ್ಟಿ ತಯಾರಿಸುವುದೇ ಆನ್‌ಲೈನ್‌ನ ಮೊದಲ ಉಪಯೋಗ. ಕನ್ನಡದ ಹಳೆಯ ಪುಸ್ತಕಗಳು ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾಕಷ್ಟಿವೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದವೂ ಅಲ್ಲಿ ಸೇರಿವೆ. ತೊಂದರೆ ಏನೆಂದರೆ ಅವುಗಳ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆದಿದ್ದಾರೆ. ದೀರ್ಘಕ್ಕೆ ಕೆಲವರು ಒಂದು ‘ಎ’ ಹಾಕುತ್ತಾರೆ, ಕೆಲವರು ಎರಡು. ಅಲಂಕಾರದ ಸೊನ್ನೆಗೆ ಒಬ್ಬರು ‘ಎಂ’, ಇನ್ನೊಬ್ಬರು ‘ಎನ್’. ಕವಿರಾಜಮಾರ್ಗದ ಕೊನೆಗೆ ‘ಮಾರ್ಗಂ’ ಎಂದು ಇರಲೂಬಹುದು, ನಡುವೆ ಜಾಗ ಬಿಟ್ಟಿರಲೂಬಹುದು. ಒಂದು ಸಲ ಸಿಗದಿದ್ದರೆ ಇಲ್ಲವೆಂದು ತೀರ್ಮಾನಿಸಬೇಡಿ, ಕಾಗುಣಿತ ಬದಲಿಸಿ ನೋಡಿ. ಈ ಕಷ್ಟ ಅನುಭವಿಸಿದ ಕನ್ನಡದ ಉತ್ಸಾಹಿಗಳೇ ‘ಪುಸ್ತಕ ಸಂಚಯ’ ಎಂಬ ತಾಣ ಮಾಡಿದ್ದಾರೆ. ಅಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ಪುಸ್ತಕ, ಲೇಖಕರ ಹೆಸರು ಹುಡುಕಬಹುದು. ನಾನು ಹೇಳುವುದಾದರೆ ಅಲ್ಲಿಂದಲೇ ಶುರು ಮಾಡಿ.

ಇನ್ನೊಂದು ತಿಳಿದಿರಲಿ. ಸ್ಕ್ಯಾನ್ ಆದ ಪುಟ ಎಂದರೆ ಫೋಟೊ. ಅದರೊಳಗಿನ ಪದ ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಪುಸ್ತಕ ತೆರೆದು ಪರಿವಿಡಿ, ಕೊನೆಯ ಪದಸೂಚಿ ನೋಡುವ ಹಳೆಯ ಪದ್ಧತಿಯೇ ಇಲ್ಲೂ ನಡೆಯಬೇಕು. ಹಾಗೆ ಪದವಾಗಿಯೇ ಹುಡುಕಬೇಕೆಂದರೆ ಕನ್ನಡ ವಿಕಿಸೋರ್ಸ್‌ಗೆ ಹೋಗಿ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿದ ಮೇಲೆ ಅದರ ಲೇಖನಗಳು ಅಲ್ಲಿ ಸೇರಿವೆ. ಹಿರಿಯ ವಿದ್ವಾಂಸರು ಬರೆದ, ಅಳತೆ ಮೀರದ ಲೇಖನಗಳು. ಒಂದು ಪರಿಭಾಷೆ ಅರ್ಥವಾಗದೆ ನಿಂತಾಗ ಯಾರದೋ ನೋಟ್ಸಿಗಿಂತ ಇದನ್ನು ನಂಬಬಹುದು. ನಿಘಂಟಿಗೆ ಮೈಸೂರಿನ ಭಾಷಾ ಸಂಸ್ಥಾನ ನಡೆಸುವ ‘ಭಾರತವಾಣಿ’ ಇದೆ, ಪಿಎಚ್.ಡಿ. ಪ್ರಬಂಧಗಳಿಗೆ ‘ಶೋಧಗಂಗಾ’ ಇದೆ. ಪ್ರಬಂಧವನ್ನು ಇಡಿಯಾಗಿ ಓದಬೇಕಾಗಿಲ್ಲ, ಕೊನೆಯ ಗ್ರಂಥಋಣದ ಪುಟಗಳನ್ನು ನೋಡಿದರೆ ನಿಮ್ಮ ಪಟ್ಟಿ ಬೆಳೆಯುತ್ತದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ಆರಂಭಿಸಿದ ಡಿಜಿಟಲ್ ಗ್ರಂಥಾಲಯದಲ್ಲೂ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಅದು ಮಕ್ಕಳಿಗೆ ಹೆಚ್ಚು ಉಪಯೋಗ.

ಆನ್‌ಲೈನ್‌ನಲ್ಲಿ ಕಾಣುವುದೆಲ್ಲ ಪ್ರತಿ ತೆಗೆದು ಹಂಚಬಹುದಾದದ್ದಲ್ಲ. ನಮ್ಮ ದೇಶದಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ತೀ.ನಂ.ಶ್ರೀ. ತೀರಿಕೊಂಡದ್ದು 1966ರಲ್ಲಿ, ಹಾಗಾಗಿ 2026ರ ಕೊನೆಯವರೆಗೆ ಅವರ ಪುಸ್ತಕಕ್ಕೆ ಅದು ಅನ್ವಯಿಸುತ್ತದೆ. ಆ ಪುಸ್ತಕವನ್ನಂತೂ ಕೊಂಡುಕೊಳ್ಳಿ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳದೆ ಅದನ್ನು ಓದುವುದು ಕಷ್ಟ.

ಇನ್ನು ಚರ್ಚಾಸ್ಪರ್ಧೆಯ ಭಾಗ. ಇದಕ್ಕೆ ಅತ್ಯಂತ ಉಪಯುಕ್ತವಾದ ನಾಲ್ಕಾರು ಪುಟಗಳು ಇರುವುದು ಯಾರೂ ಹುಡುಕದ ಜಾಗದಲ್ಲಿ, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ. ಈ ಗ್ರಂಥ ಲೋಕಕ್ಕೆ ಮತ್ತೆ ಸಿಕ್ಕಿದ್ದೇ ಮೈಸೂರಿನಲ್ಲಿ. 1891ರಲ್ಲಿ ಸ್ಥಾಪನೆಯಾದ ಓರಿಯೆಂಟಲ್ ಲೈಬ್ರರಿಗೆ, ಅಂದರೆ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಬಂದಿದ್ದ ತಾಳೆಗರಿ ಪ್ರತಿಯನ್ನು ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಅವರ ಇಂಗ್ಲಿಷ್ ಅನುವಾದ 1915ರಲ್ಲಿ ಬಂತು, ಅದು ಆನ್‌ಲೈನ್‌ನಲ್ಲೂ ಸುಲಭವಾಗಿ ಸಿಗುತ್ತದೆ. ಎರಡನೇ ಅಧಿಕರಣದ ಹತ್ತನೇ ಅಧ್ಯಾಯ ರಾಜಶಾಸನ ಬರೆಯುವುದು ಹೇಗೆ ಎಂಬುದು. ಬರಹಕ್ಕೆ ಆರು ಗುಣ ಹೇಳುತ್ತದೆ. ಮುಖ್ಯವಾದದ್ದನ್ನು ಮೊದಲಿಟ್ಟು ಅನುಕ್ರಮವಾಗಿ ಹೇಳುವುದು ಅರ್ಥಕ್ರಮ. ಮುಂದೆ ಹೇಳುವ ಮಾತು ಹಿಂದಿನದಕ್ಕೆ ಅಡ್ಡ ಬಾರದಿರುವುದು ಸಂಬಂಧ. ಹೆಚ್ಚು ಕಡಿಮೆ ಇಲ್ಲದೆ, ಕಾರಣ ಮತ್ತು ದೃಷ್ಟಾಂತ ಸಹಿತ ಹೇಳುವುದು ಪರಿಪೂರ್ಣತೆ. ಹಿತವಾದ ಅರ್ಥ, ಹಿತವಾದ ಶಬ್ದ ಮಾಧುರ್ಯ. ಗ್ರಾಮ್ಯವಲ್ಲದ ಮಾತು ಔದಾರ್ಯ. ಎಲ್ಲರಿಗೂ ತಿಳಿದ ಪದ ಬಳಸುವುದು ಸ್ಪಷ್ಟತ್ವ. ಅಕಾಂತಿ, ವ್ಯಾಘಾತ, ಪುನರುಕ್ತ, ಅಪಶಬ್ದ, ಸಂಪ್ಲವ ಎಂದು ಐದು ದೋಷಗಳೂ ಇವೆ. ಮಕ್ಕಳು ಭಾಷಣ ಬರೆದು ತಂದಾಗ ಈ ಆರನ್ನು ಬೋರ್ಡಿನ ಮೇಲೆ ಬರೆದು, ಒಬ್ಬರ ಭಾಷಣವನ್ನು ಇನ್ನೊಬ್ಬರು ತೂಗಿ ನೋಡಲಿ. ಮೂರನೆಯದರಲ್ಲಿ ಹೆಚ್ಚಿನವರು ಸೋಲುತ್ತಾರೆ, ಕಾರಣ ಹೇಳದೆ ಅಭಿಪ್ರಾಯ ಹೇಳಿ ಕೂತುಬಿಡುತ್ತಾರೆ.

ಎದುರಾಳಿಗೆ ಉತ್ತರ ಕೊಡುವುದಕ್ಕೆ ನ್ಯಾಯಶಾಸ್ತ್ರದ ಒಂದು ವಿಂಗಡಣೆ ಸಾಕು: ಸತ್ಯ ತಿಳಿಯಲು ಮಾಡುವುದು ವಾದ, ಗೆಲ್ಲಲೆಂದೇ ಮಾಡುವುದು ಜಲ್ಪ, ತನ್ನ ಪಕ್ಷವೇ ಇಲ್ಲದೆ ಎದುರಿನವರದನ್ನು ಕೆಡವುವುದಷ್ಟೇ ವಿತಂಡ. ಕಿವಿಗೆ ಕೇಳಿ ಕಲಿಯಬೇಕೆಂದರೆ ಕರಾವಳಿಯ ತಾಳಮದ್ದಳೆಯ ಧ್ವನಿಮುದ್ರಣಗಳನ್ನು ಕೇಳಿಸಿ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯಲ್ಲಿ ಎದುರಿನ ಪಾತ್ರದ ಮಾತಿನಿಂದಲೇ ತನ್ನ ವಾದ ಎತ್ತಿಕೊಳ್ಳುವ ಬಗೆ ಹತ್ತನೇ ತರಗತಿಯ ಮಕ್ಕಳಿಗೂ ತಿಳಿಯುತ್ತದೆ. ಇಂಗ್ಲಿಷ್ ಓದಬಲ್ಲಿರಾದರೆ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ‘ಸಿಲ್ವಾ ರೆಟರಿಕೆ’ ಎಂಬ ತಾಣದಲ್ಲಿ ಗ್ರೀಕ್, ರೋಮನ್ ಭಾಷಣಶಾಸ್ತ್ರದ ಪರಿಭಾಷೆಗಳಿಗೆ ಚಿಕ್ಕ ಚೊಕ್ಕ ವಿವರಣೆ ಸಿಗುತ್ತದೆ.

ಕೊನೆಗೆ ಸಂಸ್ಕೃತದ ಪ್ರಶ್ನೆ. ಶುರು ಮಾಡಲು ಬೇಡ. ತೀ.ನಂ.ಶ್ರೀ. ಅವರ ಪುಸ್ತಕ ಮುಗಿದ ಮೇಲೆ ಮೂಲಗ್ರಂಥವನ್ನೇ ನೋಡಬೇಕೆನಿಸಿದರೆ ಕೆ. ಕೃಷ್ಣಮೂರ್ತಿಯವರು ‘ಧ್ವನ್ಯಾಲೋಕ’, ‘ಕಾವ್ಯಪ್ರಕಾಶ’ಗಳನ್ನು ಕನ್ನಡಕ್ಕೆ ತಂದಿದ್ದಾರೆ. ನಿಮಗೆ ಇದಕ್ಕಿಂತ ಮೊದಲು ಬೇಕಾಗುವುದು ಹಳಗನ್ನಡದ ಅಭ್ಯಾಸ. ದಿನಕ್ಕೆ ಒಂದೆರಡು ಪದ್ಯವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಅನ್ವಯ ಮಾಡುತ್ತ ಹೋದರೆ ಕವಿರಾಜಮಾರ್ಗ ತಾನಾಗಿ ತೆರೆದುಕೊಳ್ಳುತ್ತದೆ. ಸಂಸ್ಕೃತವಿಲ್ಲದೆ ನಿಲ್ಲಬೇಕಾಗುವುದು ‘ನಂಜರಾಜಯಶೋಭೂಷಣ’ದಂಥ ಕಡೆ ಮಾತ್ರ. ಅದಕ್ಕೂ ದಾರಿ ಇದೆ. 1876ರಲ್ಲಿ ಆರಂಭವಾದ ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಅಲಂಕಾರವನ್ನೇ ವಿಷಯವಾಗಿ ಕಲಿಸುತ್ತಾರೆ. ನಿಮಗೆ ಬೇಕಾದ ಶ್ಲೋಕದ ಪುಟವನ್ನು ಅಚ್ಚು ತೆಗೆಸಿಕೊಂಡು ಹೋಗಿ ಅಲ್ಲಿನ ವಿದ್ವಾಂಸರನ್ನು ಕೇಳಿ. ಕಳಲೆಯ ನಂಜರಾಜನ ಮೇಲಿನ ಪದ್ಯ, ಕೇಳುವವರು ನಂಜನಗೂಡಿನ ಮೇಷ್ಟ್ರು ಎಂದರೆ ಅವರು ಸಂತೋಷದಿಂದಲೇ ಹೇಳಿಕೊಡುತ್ತಾರೆ.